ಟವೆಲ್ ಕಟ್ಟಿದ ಮುಖಕ್ಕೆ ಯಾವ ಫಿಲ್ಟರ್?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕೊನೆ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದೇನೆ. ತೀರ್ಥಹಳ್ಳಿ ಹತ್ತಿರ ನಮ್ಮ ಮಾವನ ಅಡಿಕೆ ಗೋದಾಮಿದೆ, ಸುಮಾರು 40 ಜನ ಕೆಲಸಕ್ಕೆ ಬರುತ್ತಾರೆ. ಅವರ ಹಾಜರಿಗೆ ಬಾಗಿಲ ಹತ್ತಿರ ಕ್ಯಾಮೆರಾ ಇಟ್ಟು ಮುಖ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಧೂಳಿಗೆ ಎಲ್ಲರೂ ಮೂಗು ಬಾಯಿಗೆ ಟವೆಲ್ ಕಟ್ಟಿರುತ್ತಾರೆ. ಚಳಿಗಾಲದಲ್ಲಿ ಮಂಕಿ ಕ್ಯಾಪ್, ಮಳೆಗಾಲದಲ್ಲಿ ಕಂಬಳಿ ಕೊಪ್ಪೆ. ಐಗನ್‌ಫೇಸ್ ವಿಧಾನ ಬಳಸಿದ್ದೇನೆ. ಬರೀ ಮುಖಕ್ಕೆ ಪರವಾಗಿಲ್ಲ, ಟವೆಲ್ ಕಟ್ಟಿದರೆ ಒಬ್ಬರನ್ನು ಇನ್ನೊಬ್ಬರು ಅನ್ನುತ್ತದೆ. ಗಾಸಿಯನ್, ಮೀಡಿಯನ್, ಹಿಸ್ಟೋಗ್ರಾಂ ಈಕ್ವಲೈಸೇಶನ್ ಅಂತ ಚಿತ್ರ ತಿದ್ದುವ ಫಿಲ್ಟರ್‌ಗಳನ್ನೆಲ್ಲ ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಯಾವ ಫಿಲ್ಟರ್ ಹಾಕಿದರೆ ಮುಚ್ಚಿದ ಮುಖ ಸಿಗುತ್ತದೆ?

ಉತ್ತರ: ಟವೆಲ್ ಹಿಂದಿರುವ ಮುಖವನ್ನು ಹೊರಗೆ ತರುವ ಫಿಲ್ಟರ್ ಯಾವುದೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾಕ್ಕೆ ಬಂದೇ ಇಲ್ಲದ ಮಾಹಿತಿಯನ್ನು ಆಮೇಲೆ ಲೆಕ್ಕ ಹಾಕಿ ತರಲು ಆಗುವುದಿಲ್ಲ. ಫಿಲ್ಟರ್‌ಗಳಿಂದ ಆಗುವ ಕೆಲಸ ಎರಡೇ. ಕಾಣುವ ಜಾಗದಿಂದ ಆದಷ್ಟು ಜಾಸ್ತಿ ವಿವರ ತೆಗೆಯುವುದು ಒಂದು. ಟವೆಲ್ ಎಲ್ಲಿದೆ ಅಂತ ಪತ್ತೆ ಮಾಡಿ ಆ ಜಾಗವನ್ನು ಲೆಕ್ಕದಿಂದ ಹೊರಗಿಡುವುದು ಇನ್ನೊಂದು. ನೀವು ಬರೆದಿದ್ದನ್ನು ನೋಡಿದರೆ ಈ ಎರಡನೆಯದು ನಿಮ್ಮ ಪ್ರಾಜೆಕ್ಟಿನಲ್ಲಿ ಆಗೇ ಇಲ್ಲ. ಅದಕ್ಕೇ ಏನು ಹಾಕಿದರೂ ಕೆಡುತ್ತಿದೆ.

ಐಗನ್‌ಫೇಸ್‌ನಿಂದಲೇ ಶುರು ಮಾಡೋಣ. ಮ್ಯಾಥ್ಯೂ ಟರ್ಕ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ 1991ರಲ್ಲಿ ಹೆಸರು ಮಾಡಿಸಿದ ವಿಧಾನ ಅದು, ಕಲಿಯಲು ಬಹಳ ಚೆನ್ನಾಗಿದೆ. ಆದರೆ ಅದು ಇಡೀ ಮುಖವನ್ನು ಒಂದೇ ಗುಡ್ಡೆ ಮಾಡಿ ನೋಡುತ್ತದೆ. ಅದು ಕೊಡುವ ಒಂದೊಂದು ಅಂಕಿಯೂ ಚಿತ್ರದ ಎಲ್ಲ ಪಿಕ್ಸೆಲ್‌ಗಳನ್ನು ಕೂಡಿಸಿ ಬಂದದ್ದು. ಹಾಗಾಗಿ ಗಲ್ಲದ ಮೇಲಿನ ಟವೆಲ್ ಗಲ್ಲದ ಲೆಕ್ಕವನ್ನಷ್ಟೇ ಕೆಡಿಸಿ ಸುಮ್ನೆ ಇರುವುದಿಲ್ಲ, ಎಲ್ಲ ಅಂಕಿಗಳಿಗೂ ಕೈ ಹಾಕುತ್ತದೆ. ಬಿಳಿ ಟವೆಲ್ ಕಟ್ಟಿದ ಇಬ್ಬರನ್ನು ನಿಲ್ಲಿಸಿ ನೋಡಿ: ಅವರ ಕಣ್ಣು ಹುಬ್ಬಿನಲ್ಲಿ ಎಷ್ಟು ವ್ಯತ್ಯಾಸ ಇದ್ದರೂ ಟವೆಲ್ ಒಂದೇ ಥರ ಇರುವುದರಿಂದ ಇಬ್ಬರೂ ಹತ್ತಿರದವರು ಅಂತ ಬರುತ್ತದೆ. ಅಂದರೆ ನಿಮ್ಮ ಪ್ರೋಗ್ರಾಂ ಈಗ ಗುರುತಿಸುತ್ತಿರುವುದು ಟವೆಲನ್ನು.

ಇನ್ನು ನೀವು ಹಾಕಿದ ಫಿಲ್ಟರ್‌ಗಳು. ಮೀಡಿಯನ್ ಫಿಲ್ಟರ್ ಚುಕ್ಕೆ ಚುಕ್ಕೆ ಗಲೀಜು ತೆಗೆಯುವುದರಲ್ಲಿ ಗಟ್ಟಿಗ. ಆದರೆ 5×5 ಕಿಟಕಿ ಇಟ್ಟರೆ ಒಳಗೆ 25 ಪಿಕ್ಸೆಲ್ ಇರುತ್ತವೆ. ಕಣ್ಣಿನ ರೆಪ್ಪೆಯ ಗೆರೆ 2 ಪಿಕ್ಸೆಲ್ ದಪ್ಪ ಇದೆ ಅಂದುಕೊಳ್ಳಿ, ಆ ಕಿಟಕಿಯಲ್ಲಿ ಅದಕ್ಕೆ ಸಿಗುವುದು 10 ಪಿಕ್ಸೆಲ್. ನಡುವಿನ ಬೆಲೆ ಅದರದ್ದಾಗಬೇಕಾದರೆ 13 ಬೇಕು. ಹಾಗಾಗಿ ಗೆರೆ ಪೂರ್ತಿ ಅಳಿಸಿಹೋಗುತ್ತದೆ. ಬರೀ ಮುಖದಲ್ಲಾದರೆ ಮೂಗು, ಬಾಯಿ, ದವಡೆ ಎಲ್ಲ ಉಳಿದಿರುತ್ತವೆ, ನಷ್ಟ ಗೊತ್ತಾಗುವುದಿಲ್ಲ. ಟವೆಲ್ ಕಟ್ಟಿದ ಮುಖದಲ್ಲಿ ಉಳಿದಿರುವುದೇ ಹುಬ್ಬು, ರೆಪ್ಪೆ, ಕಣ್ಣಿನ ಮೂಲೆ, ಹಣೆ. ಅದನ್ನೂ ಒರೆಸಿಬಿಟ್ಟರೆ ಇನ್ನೇನು ಇಟ್ಟುಕೊಂಡು ಗುರುತಿಸುವುದು? ಗಾಸಿಯನ್ ಮಸುಕಿನದ್ದೂ ಇದೇ ಕಥೆ.

ಹಿಸ್ಟೋಗ್ರಾಂ ಈಕ್ವಲೈಸೇಶನ್ ಕೆಡಿಸುವ ರೀತಿ ಬೇರೆ. ಅದು ಇಡೀ ಚಿತ್ರದ ಕಪ್ಪು ಬಿಳುಪನ್ನು ಎಳೆದು ಹರಡುತ್ತದೆ. ಚಿತ್ರದ ಹತ್ತಿರ ಹತ್ತಿರ ಅರ್ಧ ಬಿಳಿ ಟವೆಲ್ಲೇ ಇದ್ದರೆ, ಹರಡಿಕೊಳ್ಳಲು ಇರುವ 256 ಮಟ್ಟಗಳಲ್ಲಿ ಮೇಲಿನ ಅರ್ಧವನ್ನು ಟವೆಲ್ಲೇ ತಿಂದುಬಿಡುತ್ತದೆ. ಮುಖದ ಪಾಲಿಗೆ ಕೆಳಗಿನ ಅರ್ಧ ಮಾತ್ರ. ನಾಳೆ ಅದೇ ಮನುಷ್ಯ ಕಪ್ಪು ಟವೆಲ್ ಕಟ್ಟಿಕೊಂಡು ಬಂದರೆ ಅದೇ ಹಣೆ ಪೂರ್ತಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಸರಿ ಮಾಡುವ ಯಾವುದೇ ಲೆಕ್ಕವನ್ನು ಕಾಣುವ ಚರ್ಮದ ಮೇಲೆ ಮಾತ್ರ ಮಾಡಬೇಕು. ಈ ಒಂದು ಬದಲಾವಣೆಯನ್ನು ಇವತ್ತೇ ಮಾಡಿ ನೋಡಿ.

ಕಣ್ಣು ಹುಬ್ಬಿನಲ್ಲೇ ಅಷ್ಟೊಂದು ಮಾಹಿತಿ ಇದೆಯಾ ಅಂತ ನಿಮಗೆ ಅನುಮಾನ ಬರಬಹುದು. ಇದೆ. ಪವನ್ ಸಿನ್ಹಾ ಮತ್ತು ಅವರ ಜೊತೆಯವರು ಎಂಐಟಿಯಲ್ಲಿ ಮಾಡಿ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಪ್ರಸಿದ್ಧರ ಫೋಟೋಗಳಲ್ಲಿ ಕೆಲವಕ್ಕೆ ಕಣ್ಣು ಅಳಿಸಿದರು, ಕೆಲವಕ್ಕೆ ಹುಬ್ಬು ಅಳಿಸಿದರು. ಹುಬ್ಬು ಅಳಿಸಿದಾಗಲೇ ನೋಡುವವರು ಜಾಸ್ತಿ ತಡವರಿಸಿದರು. ನಿಮ್ಮ ಗೋದಾಮಿನಲ್ಲೂ ಅಷ್ಟೇ ಅಲ್ವಾ? ಟವೆಲ್ ಕಟ್ಟಿದ್ದರೂ ಯಾರು ಯಾರು ಅಂತ ಮಾವನಿಗೆ ಗೊತ್ತಾಗುತ್ತದೆ. ನಡಿಗೆ, ದನಿ, ಮೈಕಟ್ಟು ಕೂಡ ಅವರಿಗೆ ಸಹಾಯ ಮಾಡುತ್ತವೆ, ನಿಮ್ಮ ಕ್ಯಾಮೆರಾಕ್ಕೆ ಅದಿಲ್ಲ. ಆದರೂ ಹುಬ್ಬಿನ ಸುತ್ತ ಇರುವ ಜಾಗ ದೊಡ್ಡ ಆಸ್ತಿ.

ಹಾಗಾದರೆ ಆ ಜಾಗದಿಂದ ವಿವರ ತೆಗೆಯುವುದು ಹೇಗೆ? ನಿಮ್ಮ ಮಟ್ಟದ ಪ್ರಾಜೆಕ್ಟಿಗೆ ಎಲ್‌ಬಿಪಿ (ಲೋಕಲ್ ಬೈನರಿ ಪ್ಯಾಟರ್ನ್) ಇಂದ ಶುರು ಮಾಡಿ ಅನ್ನುತ್ತೇನೆ. ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಬೆಳೆದ ವಿಧಾನ, ಮುಖಕ್ಕೆ ಅದನ್ನು 2004ರಲ್ಲಿ ಬಳಸಿದರು. ಒಂದು ಪಿಕ್ಸೆಲ್ ತೆಗೆದುಕೊಳ್ಳಿ, ಬೆಲೆ 90. ಅದರ ಸುತ್ತಲಿನ ಎಂಟು ಪಿಕ್ಸೆಲ್‌ಗಳು ಎಡ ಮೇಲಿನಿಂದ ಸುತ್ತು ಹಾಕಿದರೆ 95, 102, 88, 70, 64, 91, 97, 99 ಅಂತಿಟ್ಟುಕೊಳ್ಳಿ. ನಡುವಿನದಕ್ಕೆ ಸಮ ಅಥವಾ ಜಾಸ್ತಿ ಇದ್ದರೆ 1, ಕಡಿಮೆ ಇದ್ದರೆ 0. ಬರುವುದು 11000111, ಇದನ್ನು ಬೈನರಿ ಸಂಖ್ಯೆಯಾಗಿ ಓದಿದರೆ 199. ಆ ಪಿಕ್ಸೆಲ್‌ನ ಸಂಕೇತ ಇದೇ. ಈಗ ಮೋಡ ಸರಿದು ಎಲ್ಲದಕ್ಕೂ 20 ಕೂಡಿತು ಅನ್ನಿ. ನಡುವಿನದು 110 ಆಯಿತು, ಸುತ್ತಲಿನವೂ ಅಷ್ಟೇ ಏರಿದವು, ಸಂಕೇತ ಮಾತ್ರ ಅದೇ 199. ಆಗುಂಬೆ, ತೀರ್ಥಹಳ್ಳಿ ಕಡೆಯ ಜುಲೈ ತಿಂಗಳ ಬೆಳಕು ಹತ್ತು ನಿಮಿಷಕ್ಕೊಂದು ಥರ ಇರುತ್ತದೆ, ಅಂಥ ಕಡೆ ಈ ಗುಣಕ್ಕೆ ಬೆಲೆ ಕಟ್ಟಲಾಗದು.

ಇದರಲ್ಲೂ ಒಂದು ತೊಂದರೆ ಇದೆ. ಮೇಲಿನ ಸಾಲಿನಲ್ಲಿ 91 ಅನ್ನುವುದು 90ಕ್ಕೆ ಒಂದೇ ಒಂದು ಜಾಸ್ತಿ. ಮಂಕು ಬೆಳಕಲ್ಲಿ ಸೆನ್ಸರ್ ಸ್ವಲ್ಪ ಗೊರಗೊರ ಅಂದರೂ ಅದು 89 ಆಗಿ ಸಂಕೇತ ಬದಲಾಗುತ್ತದೆ. ಹಣೆಯಂಥ ನುಣುಪು ಜಾಗದಲ್ಲಿ ಇದು ಜಾಸ್ತಿ. ಅದಕ್ಕೆ ಟ್ಯಾನ್ ಮತ್ತು ಟ್ರಿಗ್ಸ್ ಅನ್ನುವವರು ಎಲ್‌ಟಿಪಿ (ಲೋಕಲ್ ಟರ್ನರಿ ಪ್ಯಾಟರ್ನ್) ಮಾಡಿದರು. ನಡುವಿನ ಬೆಲೆಗಿಂತ ಒಂದು ಮಿತಿ ಮೀರಿ ಜಾಸ್ತಿ ಇದ್ದರೆ +1, ಅಷ್ಟೇ ಕಡಿಮೆ ಇದ್ದರೆ -1, ಮಧ್ಯದಲ್ಲಿದ್ದರೆ 0. ಬೆಳಕು ಸರಿ ಮಾಡಲು ಅವರೇ ಕೊಟ್ಟ ಸರಣಿಯೂ ಸರಳ: ಮೊದಲು ಗಾಮಾ 0.2 (ಕತ್ತಲ ಭಾಗವನ್ನು ಬೆಳಗಿಸುವ ಲೆಕ್ಕ), ಆಮೇಲೆ ಸಿಗ್ಮಾ, ಅಂದರೆ ಮಸುಕಿನ ಅಗಲ, 1 ಮತ್ತು 2 ಇರುವ ಎರಡು ಗಾಸಿಯನ್‌ಗಳ ವ್ಯತ್ಯಾಸ, ಕೊನೆಗೆ ಕಾಂಟ್ರಾಸ್ಟ್ ಸಮ ಮಾಡುವುದು. ಕೊನೆಯ ಹೆಜ್ಜೆಯನ್ನು ಟವೆಲ್ ಬಿಟ್ಟು ಲೆಕ್ಕ ಹಾಕಿ, ಮರೆಯಬೇಡಿ.

ಈಗ ಮುಖ್ಯ ವಿಷಯ. ಮುಖವನ್ನು 7×7 ಚೌಕ ಮಾಡಿ, ಒಟ್ಟು 49. ಪ್ರತಿ ಚೌಕಕ್ಕೂ ಬೇರೆ ಹಿಸ್ಟೋಗ್ರಾಂ, ಅಂದರೆ ಯಾವ ಸಂಕೇತ ಎಷ್ಟು ಸಲ ಬಂತು ಅನ್ನುವ ಎಣಿಕೆ. ಈ 49 ಜನ ಮತದಾರರು ಅಂದುಕೊಳ್ಳಿ. ಟವೆಲ್ ಬಿದ್ದಿರುವ ಚೌಕಕ್ಕೆ ಓಟಿಲ್ಲ. ಕೆಳಗಿನ ಮೂರು ಸಾಲು ಮುಚ್ಚಿದ್ದರೆ 21 ಹೋಗಿ 28 ಉಳಿಯುತ್ತವೆ. ಅವುಗಳಲ್ಲೂ ಕಣ್ಣು ಹುಬ್ಬಿನ ಚೌಕಗಳಿಗೆ ಜಾಸ್ತಿ ತೂಕ ಕೊಡಿ. ಎರಡು ಫೋಟೋಗಳ ಹಿಸ್ಟೋಗ್ರಾಂಗಳ ನಡುವಿನ ವ್ಯತ್ಯಾಸಕ್ಕೆ ದೂರ ಅನ್ನುತ್ತಾರೆ. ಚೌಕಗಳ ದೂರಗಳನ್ನು ಬರೀ ಕೂಡಿಸಿ ಬಿಡಬೇಡಿ, ಉಳಿದ ಚೌಕಗಳ ತೂಕದಿಂದ ಭಾಗಿಸಿ ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ಜಾಸ್ತಿ ಮುಚ್ಚಿಕೊಂಡವರ ಮೊತ್ತ ತಾನಾಗಿಯೇ ಚಿಕ್ಕದಾಗಿ, ಎಲ್ಲರಿಗೂ ಹತ್ತಿರ ಅಂತ ಬರುತ್ತದೆ. ಹೋಲಿಸುವಾಗ ಹಳೇ ಫೋಟೋದಲ್ಲೂ ಅದೇ 21 ಚೌಕಗಳನ್ನು ಬಿಡಬೇಕು.

ಹೀಗೆ ತುಂಡು ಮಾಡುವುದರಿಂದ ಎಷ್ಟು ಫರಕ್ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. ಎಆರ್ ಅನ್ನುವ ಮುಖಗಳ ಸಂಗ್ರಹ 1998ರದ್ದು, 126 ಜನರ 4,000ಕ್ಕೂ ಹೆಚ್ಚು ಫೋಟೋ, ಕಪ್ಪು ಕನ್ನಡಕ ಹಾಕಿದ್ದು, ಕುತ್ತಿಗೆ ವಸ್ತ್ರದಿಂದ ಬಾಯಿ ಮುಚ್ಚಿದ್ದು ಎಲ್ಲ ಅದರಲ್ಲಿದೆ. 2009ರಲ್ಲಿ ಜಾನ್ ರೈಟ್ ಮತ್ತು ಜೊತೆಗಾರರು ಅದರಲ್ಲಿ 100 ಜನರನ್ನು ತೆಗೆದುಕೊಂಡು, ಮುಚ್ಚದ ಫೋಟೋಗಳಿಂದ ಮಾತ್ರ ಕಲಿಸಿ, ಮುಚ್ಚಿದವನ್ನು ಗುರುತಿಸಲು ಹೇಳಿದರು. ವಸ್ತ್ರ ಚಿತ್ರದ ಸುಮಾರು 40 ಶೇಕಡಾ ಮುಚ್ಚಿತ್ತು. ಇಡೀ ಮುಖವನ್ನು ಒಟ್ಟಿಗೆ ಕೊಟ್ಟಾಗ 59.5 ಶೇಕಡಾ ಸರಿ ಬಂತು. ಅದೇ ಗಣಿತ, ಅದೇ ಫೋಟೋ, ಮುಖವನ್ನು 8 ತುಂಡು ಮಾಡಿ ಒಂದೊಂದು ತುಂಡಿಗೂ ಓಟು ಕೊಟ್ಟಾಗ 93.5 ಆಯಿತು. ಕಪ್ಪು ಕನ್ನಡಕದಲ್ಲಿ 87ರಿಂದ 97.5ಕ್ಕೆ ಹೋಯಿತು. ಹೊಸ ಫಿಲ್ಟರ್ ಒಂದೂ ಸೇರಲಿಲ್ಲ, ಕೆಟ್ಟ ಜಾಗದ ಗಲೀಜು ಒಳ್ಳೆ ಜಾಗಕ್ಕೆ ಹರಿಯದಂತೆ ಒಡ್ಡು ಕಟ್ಟಿದರು ಅಷ್ಟೇ. ಆ ಫೋಟೋಗಳು ಸ್ಟುಡಿಯೋ ಬೆಳಕಲ್ಲಿ ನೇರ ನಿಲ್ಲಿಸಿ ತೆಗೆದವು, ಗೋದಾಮಿನ ಬಾಗಿಲಲ್ಲಿ 93 ನಿರೀಕ್ಷೆ ಮಾಡಬೇಡಿ.

ಗೇಬರ್ ಫಿಲ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಗೈಡ್ ಕೇಳಿಯೇ ಕೇಳುತ್ತಾರೆ. ಹೊಲೊಗ್ರಫಿಗೆ 1971ರಲ್ಲಿ ನೊಬೆಲ್ ಪಡೆದ ಡೆನ್ನಿಸ್ ಗೇಬರ್ 1946ರಲ್ಲಿ ಮುಂದಿಟ್ಟ ಯೋಚನೆಯಿಂದ ಬಂದದ್ದು. ಒಂದು ಅಲೆಯನ್ನು ಗಾಸಿಯನ್ ಗುಡ್ಡದಿಂದ ಗುಣಿಸಿದರೆ ಗೇಬರ್ ಫಿಲ್ಟರ್. ಇಂಥ ದಿಕ್ಕಿನಲ್ಲಿ ಇಂಥ ದಪ್ಪದ ಗೆರೆ ಇದೆಯಾ ಅಂತ ಅದು ಕೇಳುತ್ತದೆ. ಸಾಮಾನ್ಯವಾಗಿ 5 ಅಳತೆ, 8 ದಿಕ್ಕು, ಒಟ್ಟು 40 ಫಿಲ್ಟರ್ ಇಡುತ್ತಾರೆ. ಹುಬ್ಬಿನ ಓರೆ, ರೆಪ್ಪೆಯ ಬಾಗು, ಹಣೆಯ ಅಡ್ಡಗೆರೆ ಇವಕ್ಕೆ ಇದರಷ್ಟು ಚೂಟಿ ಬೇರೆ ಇಲ್ಲ. ಜಾನ್ ಡಾಗ್‌ಮನ್ ಕಣ್ಣಿನ ಐರಿಸ್ ಗುರುತಿಸಲು ಬಳಸಿದ್ದೂ ಇದನ್ನೇ.

ಮುಚ್ಚಿದ ಮುಖಕ್ಕೆ ಬಳಸುವಾಗ ಮಾತ್ರ ಒಂದು ಅಪಾಯ ಇದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಟವೆಲ್‌ನ ಮೇಲಂಚು ಮುಖದ ಮೇಲೆ ಒಂದು ಬಲವಾದ ಅಡ್ಡ ಗೆರೆ. ಫಿಲ್ಟರ್ 31 ಪಿಕ್ಸೆಲ್ ಅಗಲ ಇದ್ದರೆ ಅಂಚಿನಿಂದ 15 ಪಿಕ್ಸೆಲ್ ಮೇಲಿರುವ ಚರ್ಮದ ಮೇಲೆ ನಿಂತಾಗಲೂ ಅದರ ಕೆಳತುದಿ ಟವೆಲ್‌ಗೆ ತಾಗಿರುತ್ತದೆ. ಅಲ್ಲಿ ಬರುವ ಉತ್ತರ ಚರ್ಮದ್ದೂ ಅಲ್ಲ ಟವೆಲ್‌ನದ್ದೂ ಅಲ್ಲ, ಅಂಚಿನದ್ದು. ಮುಖ 150 ಪಿಕ್ಸೆಲ್ ಎತ್ತರ ಇದ್ದು ಟವೆಲ್ ಮೂಗಿನ ಮೇಲೆ ಬಂದಿದ್ದರೆ, ಕಣ್ಣಿಗೂ ಅಂಚಿಗೂ ಇರುವ ಅಂತರವೇ ಸುಮಾರು 25, 30 ಪಿಕ್ಸೆಲ್. ದೊಡ್ಡ ಅಳತೆಯ ಗೇಬರ್‌ಗಳಿಗೆ ಕಣ್ಣಿನ ಸುತ್ತಲೂ ಟವೆಲ್ಲೇ ಕಾಣುತ್ತಿರುತ್ತದೆ. ಹಾಗಾಗಿ ಅಂಚಿನಿಂದ ಫಿಲ್ಟರ್‌ನ ಅರ್ಧ ಅಗಲದಷ್ಟು ಪಟ್ಟಿಯನ್ನು ಬಿಟ್ಟುಬಿಡಿ, ದೊಡ್ಡ ಅಳತೆಗಳನ್ನು ತೆಗೆದುಹಾಕಿ. ಎಲ್‌ಬಿಪಿಯ ಕಿಟಕಿ 3×3 ಮಾತ್ರ, ಅಂಚಿನ ಸೋಂಕು ಒಂದೇ ಪಿಕ್ಸೆಲ್‌ಗೆ ಮುಗಿಯುತ್ತದೆ. ಅದರಿಂದ ಶುರು ಮಾಡಿ ಅಂದದ್ದಕ್ಕೆ ದೊಡ್ಡ ಕಾರಣ ಇದೇ.

ಗೇಬರ್‌ಗೆ ನಿಮ್ಮಲ್ಲಿ ಇನ್ನೂ ಒಳ್ಳೆ ಕೆಲಸ ಇದೆ: ಟವೆಲ್ ಹುಡುಕುವುದು. ನೇಯ್ಗೆಯ ಎಳೆ, ಚೌಕುಳಿ ಗೆರೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತವೆ. ಚರ್ಮ ಹಾಗಿರುವುದಿಲ್ಲ. ಕ್ಯಾಮೆರಾ ಹತ್ತಿರ ಇದ್ದರೆ ಗೇಬರ್ ಉತ್ತರಗಳನ್ನು ನೋಡಿಯೇ ಒಂದು ಚಿಕ್ಕ ಎಸ್‌ವಿಎಂ (ಉದಾಹರಣೆ ನೋಡಿ ಎರಡು ಗುಂಪು ಬೇರೆ ಮಾಡಲು ಕಲಿಯುವ ಪ್ರೋಗ್ರಾಂ) ಬಟ್ಟೆಯೋ ಚರ್ಮವೋ ಅಂತ ಚೌಕ ಚೌಕವಾಗಿ ಹೇಳಬಲ್ಲದು. ಬಣ್ಣದ ಮೇಲೆ ಮಾತ್ರ ನಂಬಿಕೆ ಇಡಬೇಡಿ. ನಮ್ಮ ಕಡೆ ಮಾಸಿದ ಕಂದು ಟವೆಲ್‌ಗೂ ಬಿಸಿಲಲ್ಲಿ ದುಡಿದ ಚರ್ಮಕ್ಕೂ ಬಣ್ಣ ಬಹಳ ಹತ್ತಿರ. ಹೆಂಗಸರು ತಲೆ ಮೇಲೆ ಎಳೆದುಕೊಳ್ಳುವ ಸೆರಗು, ಹಮಾಲರು ತಲೆಗೆ ಸುತ್ತುವ ವಸ್ತ್ರ, ಕೊಪ್ಪೆಯ ಅಂಚು, ಇವು ಹಣೆಯನ್ನು ಬೇರೆ ಬೇರೆ ರೀತಿ ಮುಚ್ಚುತ್ತವೆ. ಹಾಗಾಗಿ ಕೆಳಗಿನ ಮೂರು ಸಾಲು ಯಾವಾಗಲೂ ಟವೆಲ್ ಅಂತ ಕಣ್ಣು ಮುಚ್ಚಿಕೊಂಡು ಬರೆದಿಡಬೇಡಿ, ಪ್ರತಿ ಸಲವೂ ಹುಡುಕಿಸಿ.

ಮುಖ ಸಿಕ್ಕರೆ ತಾನೆ ಇದೆಲ್ಲ. ವಯೋಲಾ ಮತ್ತು ಜೋನ್ಸ್ 2001ರಲ್ಲಿ ಕೊಟ್ಟ, ಚಿತ್ರದಲ್ಲಿ ಮುಖ ಎಲ್ಲಿದೆ ಅಂತ ಹುಡುಕುವ ಹಾರ್ ಕ್ಯಾಸ್ಕೇಡ್ ಬಳಸುತ್ತಿದ್ದರೆ ಬಿಟ್ಟುಬಿಡಿ. ಅದು ಹಂತ ಹಂತವಾಗಿ ಜರಡಿ ಹಿಡಿಯುತ್ತದೆ, ಒಂದು ಹಂತದಲ್ಲಿ ಬಾಯಿಯ ಭಾಗ ಹೊಂದದಿದ್ದರೂ ಮುಖವೇ ಅಲ್ಲ ಅಂತ ತಳ್ಳಿಬಿಡುತ್ತದೆ. ಚಿತ್ರ ಸಂಸ್ಕರಣೆಯ ಉಚಿತ ತಂತ್ರಾಂಶ ಓಪನ್‌ಸಿವಿಯಲ್ಲೇ ಈಗ ಯುನೆಟ್ (YuNet) ಅನ್ನುವ ಮುಖ ಹುಡುಕುವ ಮಾದರಿ ಇದೆ, ಹಗುರ, ಇದಕ್ಕಿಂತ ಎಷ್ಟೋ ಮೇಲು. ಅದು ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ ಅಂತ ಐದು ಬಿಂದು ಕೊಡುತ್ತದೆ. ಟವೆಲ್ ಇದ್ದಾಗ ಕೆಳಗಿನ ಮೂರು ಬರೀ ಅಂದಾಜು. ಮುಖವನ್ನು ನೆಟ್ಟಗೆ ಮಾಡುವಾಗ ಕಣ್ಣಿನ ಎರಡು ಬಿಂದು ಮಾತ್ರ ಬಳಸಿ.

ನ್ಯೂರಲ್ ನೆಟ್‌ವರ್ಕ್ ಇರುವಾಗ ಈ ಹಳೇ ಸಾಮಾನು ಯಾಕೆ ಅಂತ ಕೇಳುವವರೂ ಇರುತ್ತಾರೆ. ನಿಜ, 2015ರ ಫೇಸ್‌ನೆಟ್ ಮುಖವನ್ನು 128 ಅಂಕಿ ಮಾಡುತ್ತದೆ, 2019ರ ಆರ್ಕ್‌ಫೇಸ್ 512 ಮಾಡುತ್ತದೆ, ಇಂಥ ಸಿದ್ಧ ಮಾದರಿಯೊಂದನ್ನು ಇಳಿಸಿಕೊಂಡು 40 ಜನಕ್ಕೆ ಹೊಂದಿಸಿದರೆ ಎಲ್‌ಬಿಪಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನೂ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆದರೆ ಮುಚ್ಚಿದ ಮುಖ ಅವಕ್ಕೂ ಕಷ್ಟವೇ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2020ರ ಜುಲೈನಲ್ಲಿ 89 ಪ್ರೋಗ್ರಾಂಗಳನ್ನು ಮಾಸ್ಕ್ ಅಂಟಿಸಿದ ಚಿತ್ರಗಳ ಮೇಲೆ ಪರೀಕ್ಷೆ ಮಾಡಿತು. ಮಾಸ್ಕ್ ಇಲ್ಲದಾಗ ಅತ್ಯುತ್ತಮವಾದವು ತಪ್ಪುತ್ತಿದ್ದುದು ಸುಮಾರು 0.3 ಶೇಕಡಾ. ಮಾಸ್ಕ್ ಹಾಕಿದಾಗ ಅವೇ ಸುಮಾರು 5 ಶೇಕಡಾಕ್ಕೆ ಹೋದವು, ಕೆಲವು 50ರ ತನಕ. ಆಮೇಲೆ ಮಾಸ್ಕ್ ಇರುವ ಮುಖಗಳನ್ನೂ ಸೇರಿಸಿ ಕಲಿಸಿದ ಮೇಲೆ ಸುಧಾರಿಸಿತು. ಒಂದು ಎಚ್ಚರ: ಇಂಥ ಮಾದರಿಗೆ ಕೊಡುವ ಮೊದಲು ಚಿತ್ರವನ್ನು ಗೇಬರ್, ಶಾರ್ಪನ್ ಅಂತ ತಿದ್ದಬೇಡಿ. ಅದು ಕಲಿತಿರುವುದು ಮಾಮೂಲಿ ಫೋಟೋಗಳಿಂದ, ತಿದ್ದಿದ ಚಿತ್ರ ಅದಕ್ಕೆ ಅಪರಿಚಿತ.

ಮುಚ್ಚಿದ ಬಾಯಿಯನ್ನು ಬಿಡಿಸಿ ತುಂಬಿಕೊಡುವ ಪ್ರೋಗ್ರಾಂಗಳು ಈಗ ಸಿಗುತ್ತವೆ. ದಯವಿಟ್ಟು ಗುರುತಿಸುವ ಕೆಲಸಕ್ಕೆ ಅದನ್ನು ತರಬೇಡಿ. ಅದು ತುಂಬುವ ಬಾಯಿ ಆ ಮನುಷ್ಯನದ್ದಲ್ಲ, ತಾನು ಕಂಡ ಸಾವಿರಾರು ಮುಖಗಳ ಸರಾಸರಿಯಿಂದ ಹುಟ್ಟಿಸಿದ್ದು. ನೋಡಲು ನಿಜದ ಹಾಗೇ ಇರುತ್ತದೆ, ಅದೇ ಅಪಾಯ. ಹಾಗೆ ಹುಟ್ಟಿಸಿದ ಮುಖ ಹಿಡಿದು ಇವನೇ ಅವನು ಅಂತ ಯಾರ ಮೇಲಾದರೂ ಬೆರಳು ತೋರಿಸುವುದು ದೊಡ್ಡ ಅನ್ಯಾಯ.

ಪ್ರೋಗ್ರಾಂ ಬಿಟ್ಟು ಸ್ವಲ್ಪ ಗೋದಾಮಿಗೆ ಹೋಗೋಣ. ಕ್ಯಾಮೆರಾ ಒಳಗಿದ್ದು ಬಾಗಿಲ ಕಡೆ ಮುಖ ಮಾಡಿದ್ದರೆ ಬರುವವರ ಬೆನ್ನಿಗೆ ಬೆಳಕು ಬೀಳುತ್ತದೆ, ಮುಖ ಕಪ್ಪಾಗುತ್ತದೆ. ಪಿಕ್ಸೆಲ್ ಪೂರ್ತಿ ಕಪ್ಪಾದ ಮೇಲೆ ಯಾವ ಫಿಲ್ಟರೂ ಅದನ್ನು ಎಬ್ಬಿಸುವುದಿಲ್ಲ. ಕ್ಯಾಮೆರಾದ ಜಾಗ ಬದಲಿಸಿ, ಮುಖದ ಮೇಲೆ ಬೆಳಕು ಬೀಳುವ ಹಾಗೆ ಒಂದು ಎಲ್‌ಇಡಿ ಹಾಕಿ. ಬೆಳಕು ಕಡಿಮೆ ಇದ್ದರೆ ಶಟರ್ ನಿಧಾನ ಆಗಿ ನಡೆಯುವವರ ಮುಖ ಎಳೆದಂತಾಗುತ್ತದೆ, ಆಗ ಹುಬ್ಬಿನ ಗೆರೆಗಳೆಲ್ಲ ಹೋದವು. ಮಳೆಗಾಲದಲ್ಲಿ ಲೆನ್ಸ್ ಗಾಜಿನ ಮೇಲೆ ಆವಿ ಕೂರುತ್ತದೆ, ಅಡಿಕೆ ಧೂಳು ಬೇರೆ. ದಿನಾ ಬೆಳಿಗ್ಗೆ ಒರೆಸುವ ಕೆಲಸ ಯಾರದ್ದು ಅಂತ ಮಾವನ ಹತ್ತಿರ ಗೊತ್ತು ಮಾಡಿಸಿಕೊಳ್ಳಿ. ಮೊದಲ ಸಲ ಫೋಟೋ ತೆಗೆದುಕೊಳ್ಳುವಾಗ ಅದೇ ಬಾಗಿಲಲ್ಲಿ, ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಟವೆಲ್ ಇಲ್ಲದೆ, ಟವೆಲ್ ಕಟ್ಟಿ, ಕ್ಯಾಪ್ ಹಾಕಿ ತೆಗೆಯಿರಿ. ಪರೀಕ್ಷೆಗೆ ಬೇರೆ ದಿನದ ಫೋಟೋ ಇರಲಿ.

ಇನ್ನೊಂದು ಮಾತನ್ನು ನೀವು ಫಿಲ್ಟರ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಇದು ಕೂಲಿಯ ಲೆಕ್ಕ. ಪ್ರೋಗ್ರಾಂ ಒಬ್ಬರನ್ನು ಇನ್ನೊಬ್ಬರು ಅಂದರೆ ದುಡಿದವರ ದಿನದ ಕೂಲಿ ಬೇರೆಯವರ ಹೆಸರಿಗೆ ಹೋಗುತ್ತದೆ. ಹಾಗಾಗಿ ಅದಕ್ಕೆ "ಗೊತ್ತಾಗಲಿಲ್ಲ" ಅನ್ನುವ ಉತ್ತರ ಕಡ್ಡಾಯ ಇರಲಿ. ಮೊದಲ ಹೆಸರಿಗೂ ಎರಡನೇ ಹೆಸರಿಗೂ ಅಂತರ ಕಡಿಮೆ ಇದ್ದರೆ, ಓಟು ಹಾಕುವ ಚೌಕಗಳು ತೀರಾ ಕಡಿಮೆ ಇದ್ದರೆ, ಹೆಸರು ಹೇಳಬಾರದು. ಟವೆಲ್ ಇದ್ದಾಗಿನ ಥ್ರೆಶೋಲ್ಡ್ (ಹೆಸರು ಒಪ್ಪಿಕೊಳ್ಳುವ ಮಿತಿ) ಬೇರೆ, ಇಲ್ಲದಾಗಿನದು ಬೇರೆ. ಗೊತ್ತಾಗಲಿಲ್ಲ ಅಂದಾಗ ಪರದೆ ಮೇಲೆ "ಒಂದು ನಿಮಿಷ ಟವೆಲ್ ಇಳಿಸಿ" ಅಂತ ಕನ್ನಡದಲ್ಲಿ ಬರಲಿ. ಆಗಲೂ ಆಗದಿದ್ದರೆ ರೈಟರ್ ಹತ್ತಿರದ ಪುಸ್ತಕದಲ್ಲಿ ಹಾಜರಿ ಬರೆಸಲಿ, ಆ ಪುಸ್ತಕವೇ ಕೊನೆ ಮಾತು. ಫೋಟೋ ಯಾಕೆ, ಎಲ್ಲಿ ಇಡುತ್ತೀರಿ, ಕೆಲಸ ಬಿಟ್ಟ ಮೇಲೆ ಅಳಿಸುತ್ತೀರಾ ಅನ್ನುವುದನ್ನು ಎಲ್ಲರಿಗೂ ಕೂರಿಸಿ ಹೇಳಿ ಒಪ್ಪಿಗೆ ಪಡೆಯಿರಿ. 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶದ ಕಾಯ್ದೆ ಬಂದಿದೆ, ಕಾಯ್ದೆ ಇಲ್ಲದಿದ್ದರೂ ಇದು ಮಾಡಬೇಕಾದ ಕೆಲಸವೇ.

ರಿಪೋರ್ಟ್ ಬರೆಯುವಾಗ ಎಲ್ಲ ಸೇರಿಸಿ ಒಂದೇ ಶೇಕಡಾ ಕೊಡಬೇಡಿ. ಬರೀ ಮುಖ, ಟವೆಲ್, ಕ್ಯಾಪ್, ಟವೆಲ್ ಮತ್ತು ಕ್ಯಾಪ್ ಎರಡೂ, ಕೊಪ್ಪೆ, ಇವಕ್ಕೆ ಬೇರೆ ಬೇರೆ ಸಾಲು ಇರಲಿ. ಪ್ರತಿ ಸಾಲಿನಲ್ಲೂ ಸರಿ ಎಷ್ಟು, ತಪ್ಪು ಹೆಸರು ಎಷ್ಟು, ಗೊತ್ತಾಗಲಿಲ್ಲ ಎಷ್ಟು. ಟವೆಲ್ ಮತ್ತು ಕ್ಯಾಪ್ ಎರಡೂ ಇರುವ ಸಾಲಿನಲ್ಲಿ ಕಾಣುವುದು ಕಣ್ಣು ಮಾತ್ರ, ಹುಬ್ಬೂ ಅರ್ಧ ಮುಚ್ಚಿರುತ್ತದೆ, ಅಲ್ಲಿ "ಗೊತ್ತಾಗಲಿಲ್ಲ" ಜಾಸ್ತಿ ಬಂದರೆ ಪ್ರೋಗ್ರಾಂ ಸರಿಯಾಗಿಯೇ ಇದೆ ಅಂತ ಅರ್ಥ. ಮೊದಲು ಚೌಕ ಮಾಡಿದ ಎಲ್‌ಬಿಪಿ ಮತ್ತು ಟವೆಲ್ ಹೊರಗಿಡುವ ಭಾಗ ಎರಡನ್ನೇ ಬರೆದು ಈ ಪಟ್ಟಿ ತುಂಬಿಸಿ, ಗೇಬರ್ ಬೇಕೋ ಬೇಡವೋ ಅನ್ನುವುದು ಟವೆಲ್ ಸಾಲಿನ ಅಂಕಿ ನೋಡಿದ ಮೇಲೆ ನಿಮಗೇ ಗೊತ್ತಾಗುತ್ತದೆ.